ಲಾಲಾಗ್ರಂಥಿಯ ತೊಂದರೆಗಳು ಮತ್ತು ಗ್ರಂಥಿಯನ್ನು ಉಳಿಸುವ ಚಿಕಿತ್ಸೆ

ಊಟಕ್ಕೆ ಕುಳಿತು ನಾಲ್ಕು ತುತ್ತು ತಿನ್ನುವಷ್ಟರಲ್ಲಿ ದವಡೆಯ ಕೆಳಗೆ ಒಂದು ಬದಿಯಲ್ಲಿ ಬಿಗಿತ ಕಾಣಿಸಿಕೊಳ್ಳುತ್ತದೆ. ನೋಡನೋಡುತ್ತಿದ್ದಂತೆ ಅಲ್ಲಿ ನೆಲ್ಲಿಕಾಯಿಯಷ್ಟು, ಕೆಲವೊಮ್ಮೆ ನಿಂಬೆಹಣ್ಣಿನಷ್ಟು ದಪ್ಪನೆಯ ಊತವೇಳುತ್ತದೆ. ನೋವು ತಾಳಲಾರದೆ ಊಟವನ್ನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತದೆ. ಒಂದೆರಡು ಗಂಟೆಗಳಲ್ಲಿ ಊತ ತಾನಾಗಿಯೇ ಇಳಿದು, ಏನೂ ನಡೆದಿರಲಿಲ್ಲವೆಂಬಂತಾಗುತ್ತದೆ. ಮುಂದಿನ ಊಟದ ಹೊತ್ತಿಗೆ ಮತ್ತೆ ಅದೇ ಅನುಭವ. ಉಪ್ಪಿನಕಾಯಿ, ಹುಣಸೆಹುಳಿಯ ಸಾರು, ಮಾವಿನಕಾಯಿಯ ಹೋಳು ಇವುಗಳನ್ನು ಕಂಡೊಡನೆಯೇ ನೋವು ಆರಂಭವಾಗುವುದೂ ಉಂಟು. ಅನೇಕರು ಇದನ್ನು ಹಲ್ಲುನೋವೆಂದೋ ಶೀತದಿಂದೆದ್ದ ಗಂಟೆಂದೋ ಭಾವಿಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೋವಿನ ಮಾತ್ರೆಗಳಲ್ಲೇ ಕಾಲ ಕಳೆಯುತ್ತಾರೆ. ವಾಸ್ತವವಾಗಿ, ಲಾಲಾಗ್ರಂಥಿಯಿಂದ ಬಾಯಿಗೆ ಜೊಲ್ಲನ್ನು ತರುವ ಕಿರುನಾಳವೊಂದು ಕಟ್ಟಿಕೊಂಡಿರುವುದರ ಸೂಚನೆ ಇದಾಗಿರುವ ಸಂಭವವೇ ಹೆಚ್ಚು.

ಚೆನ್ನೈ ನಗರದ ದಕ್ಷಿಣ ಅಂಚಿನಲ್ಲಿ, ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡಂತಿರುವ ಪಲ್ಲಾವರಂನಂತಹ ಉಪನಗರದಲ್ಲಿ ಈ ತೊಂದರೆಯುಳ್ಳವರು ಸಾಗುವ ಹಾದಿ ಹೆಚ್ಚುಕಡಿಮೆ ಒಂದೇ ಬಗೆಯದು. ಮೊದಲು ಔಷಧದ ಅಂಗಡಿ, ಅನಂತರ ಹತ್ತಿರದ ದಂತವೈದ್ಯರು, ಆಮೇಲೆ ಬಡಾವಣೆಯ ವೈದ್ಯರು, ಕೊನೆಗೆ ಕಿವಿ-ಮೂಗು-ಗಂಟಲು ತಜ್ಞರು. ಉದ್ಯೋಗದ ನಿಮಿತ್ತ ಇಂತಹ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ತಮಿಳಿನಲ್ಲಿ ಜೊಲ್ಲಿಗೆ 'ಉಮಿಳ್‌ನೀರ್' ಎಂದೂ ಊತಕ್ಕೆ 'ವೀಕ್ಕಂ' ಎಂದೂ ಹೇಳುತ್ತಾರೆ; ಕಲ್ಲು ಮಾತ್ರ ಎರಡೂ ಭಾಷೆಗಳಲ್ಲಿ ಬಹುಮಟ್ಟಿಗೆ ಒಂದೇ ಮಾತು. ಊತವು ಊಟದ ಹೊತ್ತಿಗೆ ಬಂದು ಹೋಗುತ್ತದೆ ಎಂಬ ಒಂದು ಸಂಗತಿಯನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿದರೆ ರೋಗನಿರ್ಣಯದ ಅರ್ಧ ಕೆಲಸ ಮುಗಿದಂತೆಯೇ ಸರಿ.

ಈ ತೊಂದರೆಗೆ ಬಹುಕಾಲದವರೆಗೆ ಇದ್ದ ಪರಿಹಾರವೆಂದರೆ ಕುತ್ತಿಗೆಯನ್ನು ಹೊರಗಿನಿಂದ ಕೊಯ್ದು ಇಡೀ ಗ್ರಂಥಿಯನ್ನೇ ತೆಗೆದುಹಾಕುವುದು. ಕಳೆದ ಮೂರು ದಶಕಗಳಲ್ಲಿ ಈ ಪರಿಸ್ಥಿತಿ ಬದಲಾಗಿದೆ. ಕೆಲವೇ ಮಿಲಿಮೀಟರುಗಳ ಕಲ್ಲಿಗಾಗಿ ಗ್ರಂಥಿಯನ್ನು ಕಳೆದುಕೊಳ್ಳಬೇಕಾದ ಅಗತ್ಯ ಈಗ ಬಹುಪಾಲು ರೋಗಿಗಳಿಗೆ ಇಲ್ಲ. ಆದರೆ ಈ ವಿಷಯ ತಿಳಿಯದ ಕಾರಣ ಶಸ್ತ್ರಕ್ರಿಯೆಗೆ ಅವಸರದಿಂದ ಒಪ್ಪುವವರೂ, ಕುತ್ತಿಗೆ ಕೊಯ್ಯುವ ಭಯದಿಂದ ಆಸ್ಪತ್ರೆಯ ಕಡೆಗೇ ಸುಳಿಯದವರೂ ನಮ್ಮಲ್ಲಿದ್ದಾರೆ.

ಲಾಲಾರಸ ಮತ್ತು ಅದರ ನಾಳಗಳು

ಆರೋಗ್ಯವಂತ ವ್ಯಕ್ತಿಯ ಬಾಯಿಯಲ್ಲಿ ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಲಾಲಾರಸ ಸ್ರವಿಸುತ್ತದೆ. ಆಹಾರವನ್ನು ನೆನೆಸಿ ನುಂಗಲು ಸುಲಭಗೊಳಿಸುವುದು, ಅನ್ನ-ರೊಟ್ಟಿಗಳಲ್ಲಿನ ಪಿಷ್ಟದ ಪಚನವನ್ನು ಬಾಯಿಯಲ್ಲೇ ಆರಂಭಿಸುವುದು, ಹಲ್ಲುಗಳನ್ನು ಆಮ್ಲದಿಂದ ರಕ್ಷಿಸುವುದು, ರೋಗಾಣುಗಳನ್ನು ತಡೆಯುವುದು ಇವೆಲ್ಲವೂ ಅದರ ಕೆಲಸ. ಬಾಯಿ ಒಣಗಿದವರ ಹಲ್ಲುಗಳು ಎಷ್ಟು ಬೇಗ ಹುಳುಕಾಗುತ್ತವೆ ಎಂಬುದನ್ನು ನೋಡಿದವರಿಗೆ ಇದರ ಬೆಲೆ ತಿಳಿದೀತು.

ಈ ರಸವನ್ನು ಉತ್ಪಾದಿಸುವ ಮುಖ್ಯ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂಭಾಗದಲ್ಲಿ ಕೆನ್ನೆಗೆ ಹೊಂದಿಕೊಂಡಿರುವುದು ಕರ್ಣಮೂಲ ಗ್ರಂಥಿ. ಕೆಳದವಡೆಯ ಮೂಳೆಯ ಒಳಮಗ್ಗುಲಲ್ಲಿರುವುದು ಅಧೋಹನು ಗ್ರಂಥಿ. ನಾಲಗೆಯ ಕೆಳಗಿರುವುದು ಅಧೋಜಿಹ್ವಾ ಗ್ರಂಥಿ. ಇವಲ್ಲದೆ ತುಟಿ, ಕೆನ್ನೆ, ಅಂಗುಳಗಳ ಒಳಪೊರೆಯಲ್ಲಿ ನೂರಾರು ಸಣ್ಣ ಗ್ರಂಥಿಗಳು ಹರಡಿಕೊಂಡಿವೆ. ಅಧೋಹನು ಗ್ರಂಥಿಯ ನಾಳವನ್ನು 1656ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ ವರ್ಣಿಸಿದನು. ಕರ್ಣಮೂಲ ಗ್ರಂಥಿಯ ನಾಳವನ್ನು 1660ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸೆನ್ ಕುರಿಯ ತಲೆಯೊಂದನ್ನು ಪರಿಶೀಲಿಸುತ್ತಿರುವಾಗ ಕಂಡುಕೊಂಡನು. ಇಂದಿಗೂ ವೈದ್ಯರು ಈ ನಾಳಗಳನ್ನು ಅವರಿಬ್ಬರ ಹೆಸರುಗಳಿಂದಲೇ ಕರೆಯುತ್ತಾರೆ.

ಕನ್ನಡಿಯ ಮುಂದೆ ನಿಂತು ನಾಲಗೆಯನ್ನು ಮೇಲೆತ್ತಿದರೆ ಅದರ ಕೆಳಗೆ ನಡುಗೆರೆಯ ಎರಡೂ ಕಡೆ ಒಂದೊಂದು ಚಿಕ್ಕ ಉಬ್ಬು ಕಾಣುತ್ತದೆ. ಅಧೋಹನು ಗ್ರಂಥಿಗಳ ನಾಳಗಳು ತೆರೆದುಕೊಳ್ಳುವುದು ಅಲ್ಲಿಯೇ. ಕರ್ಣಮೂಲ ಗ್ರಂಥಿಯ ನಾಳವು ಕೆನ್ನೆಯ ಒಳಭಾಗದಲ್ಲಿ, ಮೇಲ್ದವಡೆಯ ಎರಡನೆಯ ಅರೆಯುವ ಹಲ್ಲಿನ ಎದುರಿಗೆ ತೆರೆದುಕೊಳ್ಳುತ್ತದೆ. ಈ ನಾಳಗಳ ಒಳವ್ಯಾಸ ಒಂದು ಮಿ.ಮೀ.ಗೆ ಸ್ವಲ್ಪ ಹೆಚ್ಚು-ಕಡಿಮೆ. ಬಾಯಿಗೆ ತೆರೆಯುವ ರಂಧ್ರವಂತೂ ಇನ್ನೂ ಕಿರಿದು, ಸುಮಾರು ಅರ್ಧ ಮಿ.ಮೀ. ಮಾತ್ರ. ಮುಂದೆ ವಿವರಿಸಲಿರುವ ಚಿಕಿತ್ಸೆಯ ಕಷ್ಟವೂ ಕೌಶಲವೂ ಇರುವುದು ಈ ಅಳತೆಯಲ್ಲಿಯೇ.

ಕಲ್ಲು ಬೆಳೆಯುವ ಬಗೆ

ಲಾಲಾರಸದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಲವಣಗಳು ಕರಗಿರುತ್ತವೆ. ರಸದ ಹರಿವು ಮಂದವಾದಾಗ, ನಾಳದಲ್ಲಿ ಸಿಕ್ಕಿಕೊಂಡ ಲೋಳೆಯ ತುಣುಕಿನ ಅಥವಾ ಸವೆದುಬಿದ್ದ ಜೀವಕೋಶಗಳ ಸುತ್ತ ಈ ಲವಣಗಳು ಪದರಪದರವಾಗಿ ಕೂಡಿಕೊಂಡು ಕಲ್ಲಾಗುತ್ತವೆ. ಇಂತಹ ಕಲ್ಲುಗಳಲ್ಲಿ ಶೇಕಡಾ 80ರಷ್ಟು ಅಧೋಹನು ಗ್ರಂಥಿಯಲ್ಲೇ ಕಾಣಿಸಿಕೊಳ್ಳುತ್ತವೆ. ಆ ಗ್ರಂಥಿಯ ರಸ ಹೆಚ್ಚು ಮಂದವಾಗಿರುವುದು, ನಾಳವು ಉದ್ದವಾಗಿದ್ದು ನಡುವೆ ಬಾಗಿರುವುದು, ರಸವು ಕೆಳಗಿನಿಂದ ಮೇಲಕ್ಕೆ ಹರಿಯಬೇಕಾಗಿರುವುದು ಇದಕ್ಕೆ ಕಾರಣಗಳೆಂದು ಹೇಳಲಾಗಿದೆ. ಮಧ್ಯವಯಸ್ಕರಲ್ಲಿ ಈ ತೊಂದರೆ ಹೆಚ್ಚು, ಮಕ್ಕಳಲ್ಲಿ ವಿರಳ. ಹಾಲು, ಸುಣ್ಣ ಸೇವಿಸುವುದರಿಂದ ಕಲ್ಲಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಮೂತ್ರಕೋಶದಲ್ಲಿ ಕಲ್ಲಾದವರಿಗೆಲ್ಲ ಬಾಯಿಯಲ್ಲೂ ಕಲ್ಲಾಗುವುದೆಂಬುದೂ ಸರಿಯಲ್ಲ.

ಪಲ್ಲಾವರಂ ಕಲ್ಲಿಗೆ ಹೆಸರಾದ ಊರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1863ರ ಮೇ 30ರಂದು ಆದಿಮಾನವನ ಕಲ್ಲಿನ ಕೈಗೊಡಲಿಯನ್ನು ಗುರುತಿಸಿದ್ದು ಇಲ್ಲಿಯೇ. ಈ ಸುತ್ತಿನ ಬೆಟ್ಟಗಳ ಚಾರ್ನೊಕೈಟ್ ಶಿಲೆ ಭೂವಿಜ್ಞಾನದ ಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ಲಾಲಾನಾಳದ ಕಲ್ಲು ಅಂತಹ ಗಟ್ಟಿ ಶಿಲೆಯೇನೂ ಅಲ್ಲ. ತಿಳಿಹಳದಿ ಬಣ್ಣದ, ಅನೇಕ ವೇಳೆ ಬತ್ತದ ಕಾಳಿಗಿಂತ ದೊಡ್ಡದಲ್ಲದ ಈ ವಸ್ತು ವರ್ಷಕ್ಕೆ ಸುಮಾರು ಒಂದು ಮಿ.ಮೀ.ನಷ್ಟು ಬೆಳೆಯುತ್ತದೆಂದು ಅಂದಾಜು. ಅಂದರೆ ಐದು ಮಿ.ಮೀ.ನ ಕಲ್ಲುಳ್ಳವರು ಅದನ್ನು ಕೆಲವು ವರ್ಷಗಳಿಂದಲೇ ಹೊತ್ತು ತಿರುಗುತ್ತಿದ್ದಾರೆಂದು ತಿಳಿಯಬೇಕು. ಬೇಗ ಗುರುತಿಸಿದ ಕಲ್ಲು ಚಿಕ್ಕದಾಗಿರುತ್ತದೆ. ಚಿಕ್ಕ ಕಲ್ಲನ್ನು ಹೊರತೆಗೆಯುವುದು ಸುಲಭ.

ಕಲ್ಲು ನಾಳವನ್ನು ಪೂರ್ತಿ ಮುಚ್ಚದಿದ್ದರೆ ಉಳಿದ ವೇಳೆಯಲ್ಲಿ ರಸ ಅದರ ಪಕ್ಕದಿಂದ ಸೋರಿಹೋಗುತ್ತಿರುತ್ತದೆ. ಊಟದ ಹೊತ್ತಿಗೆ ಗ್ರಂಥಿ ಒಮ್ಮೆಲೇ ಹೆಚ್ಚು ರಸವನ್ನು ಸುರಿಸಿದಾಗ ದಾರಿ ಸಾಲದೆ ಒತ್ತಡವೇರುತ್ತದೆ, ಗ್ರಂಥಿ ಊದುತ್ತದೆ. ನಿಂತ ರಸದಲ್ಲಿ ಬಾಯಿಯ ರೋಗಾಣುಗಳು ಸೇರಿಕೊಂಡರೆ ಜ್ವರ, ಚರ್ಮದ ಕೆಂಪು, ನಾಳದ ಬಾಯಿಯಿಂದ ಕೀವು ಕಾಣಿಸಿಕೊಳ್ಳುತ್ತವೆ. ಬಾಯಿಯ ತಳವೆಲ್ಲ ಊದಿ ನಾಲಗೆ ಮೇಲೆದ್ದು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದು ಪ್ರಾಣಾಪಾಯದ ಸ್ಥಿತಿ. ಹೊತ್ತು-ಗೊತ್ತು ನೋಡದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಂಗನಬಾವು ಕೂಡ ಲಾಲಾಗ್ರಂಥಿಯ ಊತವೇ. ಅದು ವೈರಸ್ಸಿನಿಂದ ಬರುವಂಥದು; ಜ್ವರದೊಡನೆ ಬಂದು, ಅನೇಕರಲ್ಲಿ ಎರಡೂ ಕೆನ್ನೆಗಳನ್ನು ಊದಿಸಿ, ಒಂದೆರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ತಮಿಳಿನಲ್ಲಿ ಅದಕ್ಕೆ 'ಪೊನ್ನುಕ್ಕು ವೀಂಗಿ', ಅಂದರೆ ಹೊನ್ನಿಗಾಗಿ ಊದಿಕೊಳ್ಳುವುದು, ಎಂಬ ಹೆಸರಿದೆ. ಕೊರಳಿಗೆ ಚಿನ್ನದ ಸರ ಹಾಕಿದರೆ ಊತ ಇಳಿಯುತ್ತದೆಂಬ ನಂಬಿಕೆಯೂ ಇದೆ. ತಾನಾಗಿ ಇಳಿಯುವ ಊತದ ಕೀರ್ತಿ ಸರಕ್ಕೆ ಸಲ್ಲುತ್ತಾ ಬಂದಿದೆ. ಕಲ್ಲಿನಿಂದಾದ ಊತ ಹಾಗಲ್ಲ. ಇಳಿದಂತೆ ಕಂಡರೂ ಮರಳಿ ಮರಳಿ ಬರುವುದೇ ಅದರ ಗುರುತು.

ಹಿಂದಿನ ಪದ್ಧತಿ ಮತ್ತು ಅದರ ಬೆಲೆ

ಅಧೋಹನು ಗ್ರಂಥಿಯನ್ನು ತೆಗೆಯಲು ದವಡೆಯ ಕೆಳಗೆ ಕುತ್ತಿಗೆಯ ಚರ್ಮವನ್ನು ಕೆಲವು ಸೆಂಟಿಮೀಟರುಗಳಷ್ಟು ಉದ್ದಕ್ಕೆ ಕೊಯ್ಯಬೇಕಾಗುತ್ತದೆ. ಆ ಜಾಗದಲ್ಲಿ ಮೂರು ಮುಖ್ಯ ನರಗಳು ಹಾದುಹೋಗುತ್ತವೆ. ಕೆಳತುಟಿಯ ಮೂಲೆಯನ್ನು ಅಲುಗಿಸುವುದು ಒಂದು. ನಾಲಗೆಯ ಅರ್ಧಭಾಗಕ್ಕೆ ಸ್ಪರ್ಶಜ್ಞಾನವನ್ನು ನೀಡುವುದು ಇನ್ನೊಂದು. ನಾಲಗೆಯನ್ನು ಚಲಿಸುವಂತೆ ಮಾಡುವುದು ಮೂರನೆಯದು. ನುರಿತ ಶಸ್ತ್ರವೈದ್ಯರ ಕೈಯಲ್ಲಿ ಇವು ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಉಳಿಯುತ್ತವೆಯಾದರೂ, ಪೆಟ್ಟಾದಲ್ಲಿ ನಗುವಾಗ ತುಟಿ ವಾರೆಯಾಗುವುದು, ನಾಲಗೆ ಜೋಮು ಹಿಡಿಯುವುದು ಮುಂತಾದ ತೊಂದರೆಗಳು ಕೆಲವು ವಾರಗಳು, ಅಪರೂಪಕ್ಕೆ ಶಾಶ್ವತವಾಗಿಯೂ ಉಳಿಯಬಹುದು. ಕರ್ಣಮೂಲ ಗ್ರಂಥಿಯ ವಿಷಯ ಇನ್ನೂ ಸೂಕ್ಷ್ಮ. ಮುಖದ ಸ್ನಾಯುಗಳೆಲ್ಲವನ್ನೂ ನಡೆಸುವ ನರವು ಆ ಗ್ರಂಥಿಯ ಒಡಲಿನಲ್ಲೇ ಕವಲೊಡೆಯುತ್ತದೆ. ಆ ಗ್ರಂಥಿಯ ಶಸ್ತ್ರಕ್ರಿಯೆಯಾದ ಕೆಲವರಿಗೆ ಊಟ ಮಾಡುವಾಗ ಕೆನ್ನೆಯ ಮೇಲೆ ಬೆವರು ಸುರಿಯುವ ವಿಚಿತ್ರ ತೊಂದರೆ ಕಾಣಿಸಿಕೊಳ್ಳುತ್ತದೆ. ಜೊಲ್ಲಿಗೆ ಹೋಗಬೇಕಾದ ನರದ ಎಳೆಗಳು ಗಾಯ ಮಾಯುವಾಗ ದಾರಿತಪ್ಪಿ ಬೆವರಿನ ಗ್ರಂಥಿಗಳನ್ನು ಸೇರುವುದೇ ಇದಕ್ಕೆ ಕಾರಣ. ಪೋಲೆಂಡಿನ ನರವೈದ್ಯೆ ಲೂಸಿಯಾ ಫ್ರೈ 1923ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರ ಹೆಸರೇ ನಿಂತಿದೆ.

ಕಲ್ಲು ಕೂತ ಗ್ರಂಥಿ ಹೇಗಿದ್ದರೂ ಕೆಟ್ಟುಹೋಗಿರುತ್ತದೆ, ಉಳಿಸಿ ಪ್ರಯೋಜನವೇನು ಎಂಬುದು ಹಿಂದಿನ ವಾದವಾಗಿತ್ತು. ಆದರೆ ಕಲ್ಲಿನ ಕಾರಣದಿಂದ ತೆಗೆದುಹಾಕಿದ ಗ್ರಂಥಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದಾಗ ಅವುಗಳಲ್ಲಿ ಅನೇಕವು ಆರೋಗ್ಯದ ಸ್ಥಿತಿಗೆ ಸಮೀಪವಾಗಿಯೇ ಇದ್ದುದು ಕಂಡುಬಂದಿತು. ಅಡಚಣೆ ತೊಲಗಿದ ಮೇಲೆ ಗ್ರಂಥಿ ಮತ್ತೆ ರಸ ಸುರಿಸಬಲ್ಲದೆಂಬುದೂ ತಿಳಿದುಬಂದಿತು. ಚಿಕಿತ್ಸೆಯ ಗುರಿ ಬದಲಾದದ್ದು ಈ ತಿಳಿವಳಿಕೆಯಿಂದ.

ನಾಳದ ಒಳಗಿನಿಂದ ಚಿಕಿತ್ಸೆ

1989ರಲ್ಲಿ ಜರ್ಮನಿಯ ಎರ್ಲಾಂಗನ್ ನಗರದ ಹೈನ್ರಿಖ್ ಇರೋ ಮತ್ತು ಅವರ ಸಂಗಡಿಗರು, ಮೂತ್ರಪಿಂಡದ ಕಲ್ಲುಗಳನ್ನು ಒಡೆಯಲು ಬಳಸುತ್ತಿದ್ದ ಆಘಾತ ತರಂಗಗಳ ವಿಧಾನವನ್ನು ಲಾಲಾಗ್ರಂಥಿಯ ಕಲ್ಲಿಗೂ ಅನ್ವಯಿಸಿದ ವರದಿಯನ್ನು ಪ್ರಕಟಿಸಿದರು. 1990ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಫಿಲಿಪ್ ಕಾಟ್ಸ್ ಮುಂತಾದವರು ಕೂದಲೆಳೆಯಂತಹ ಗಾಜಿನ ತಂತುಗಳುಳ್ಳ ದರ್ಶಕನಳಿಗೆಯನ್ನು ನಾಳದೊಳಕ್ಕೆ ತೂರಿಸಿ ನೋಡಿದರು. ಅನಂತರ ಜಿನೀವಾದ ಫ್ರಾನ್ಸಿಸ್ ಮಾರ್ಷಲ್ ಮುಂತಾದವರ ಪ್ರಯತ್ನದಿಂದ ಈ ಉಪಕರಣ ಸುಧಾರಿಸಿ, ವಿಧಾನವು ಪ್ರಪಂಚದ ಇತರ ಕಡೆಗಳಿಗೆ ಹರಡಿತು. ಲಾಲಾನಾಳ ದರ್ಶನ ಎಂದು ಕನ್ನಡದಲ್ಲಿ ಕರೆಯಬಹುದಾದ ಇದಕ್ಕೆ ಆಸ್ಪತ್ರೆಗಳಲ್ಲಿ ಸಯಲೆಂಡೋಸ್ಕೋಪಿ ಎಂಬ ಹೆಸರು ರೂಢಿಯಲ್ಲಿದೆ.

ಇದರಲ್ಲಿ ಬಳಸುವ ನಳಿಗೆಯ ಹೊರವ್ಯಾಸ ಸಾಮಾನ್ಯವಾಗಿ 0.8 ಮಿ.ಮೀ.ನಿಂದ 1.6 ಮಿ.ಮೀ.ನವರೆಗೆ ಇರುತ್ತದೆ. ಅಷ್ಟು ತೆಳುವಾದ ನಳಿಗೆಯಲ್ಲೇ ಬೆಳಕನ್ನು ಒಯ್ಯುವ ಎಳೆಗಳು, ಚಿತ್ರವನ್ನು ತರುವ ಎಳೆಗಳು, ಲವಣಜಲ ಹರಿಯುವ ದಾರಿ ಸೇರಿಕೊಂಡಿರುತ್ತವೆ. ಸ್ವಲ್ಪ ದಪ್ಪನೆಯ ನಳಿಗೆಯಲ್ಲಿ ಉಪಕರಣ ತೂರಿಸುವ ದಾರಿಯೂ ಇರುತ್ತದೆ. ರೋಗಿಯ ಸ್ಥಿತಿಗೆ ತಕ್ಕಂತೆ ಸ್ಥಳೀಯ ಅರಿವಳಿಕೆಯನ್ನು ಅಥವಾ ಪೂರ್ಣ ಅರಿವಳಿಕೆಯನ್ನು ನೀಡಲಾಗುತ್ತದೆ. ಮೊದಲು ನಾಳದ ಬಾಯಿಯನ್ನು ಗುರುತಿಸಿ, ಒಂದಕ್ಕಿಂತ ಒಂದು ದಪ್ಪನೆಯ ಸಲಾಕೆಗಳಿಂದ ಅದನ್ನು ಮೆಲ್ಲಮೆಲ್ಲನೆ ಹಿಗ್ಗಿಸಲಾಗುತ್ತದೆ. ಇಡೀ ಚಿಕಿತ್ಸೆಯಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದೇ; ಅನುಭವವಿಲ್ಲದ ಕೈ ಇಲ್ಲಿ ಅವಸರಪಟ್ಟರೆ ತಪ್ಪುದಾರಿ ಕೊರೆದಂತಾಗುತ್ತದೆ. ಬಳಿಕ ಲವಣಜಲವನ್ನು ಹರಿಸಿ ನಾಳವನ್ನು ಅರಳಿಸುತ್ತಾ ನಳಿಗೆಯನ್ನು ಮುಂದಕ್ಕೆ ಸಾಗಿಸುತ್ತಾರೆ. ನಾಳದ ಗೋಡೆ, ಕವಲುಗಳು, ಕಲ್ಲು ಎಲ್ಲವೂ ಪರದೆಯ ಮೇಲೆ ಕಾಣುತ್ತವೆ.

ಕಲ್ಲು ಚಿಕ್ಕದಾಗಿದ್ದು ಅಲುಗುವಂತಿದ್ದರೆ, ಸಣ್ಣ ತಂತಿಗಳಿಂದ ಮಾಡಿದ ಬುಟ್ಟಿಯನ್ನು ಅದರ ಆಚೆಗೆ ದಾಟಿಸಿ, ಅರಳಿಸಿ, ಕಲ್ಲನ್ನು ಅದರಲ್ಲಿ ಹಿಡಿದು ಹೊರಗೆಳೆಯುತ್ತಾರೆ. ಅಧೋಹನು ನಾಳದಲ್ಲಿ ಸುಮಾರು 4 ಮಿ.ಮೀ. ಹಾಗೂ ಕರ್ಣಮೂಲ ನಾಳದಲ್ಲಿ ಸುಮಾರು 3 ಮಿ.ಮೀ.ವರೆಗಿನ ಕಲ್ಲುಗಳಿಗೆ ಈ ವಿಧಾನ ಹೊಂದುತ್ತದೆ. ಅದಕ್ಕಿಂತ ದೊಡ್ಡ ಕಲ್ಲನ್ನು ಲೇಸರ್ ಕಿರಣದಿಂದಾಗಲಿ ಬೇರೆ ಸಾಧನದಿಂದಾಗಲಿ ಪುಡಿಮಾಡಿ ತೆಗೆಯಬೇಕಾಗುತ್ತದೆ. ಇಲ್ಲವೆ ನಳಿಗೆಯ ಬೆಳಕಿನಿಂದ ಕಲ್ಲಿನ ಸ್ಥಾನವನ್ನು ಗುರುತಿಸಿಕೊಂಡು, ಅಲ್ಲಿಗೆ ಮಾತ್ರ ಚಿಕ್ಕ ಗಾಯ ಮಾಡಿ ಕಲ್ಲನ್ನು ತೆಗೆದು ಗ್ರಂಥಿಯನ್ನು ಉಳಿಸುವ ಮಿಶ್ರ ವಿಧಾನವೂ ಇದೆ.

ಇಲ್ಲಿ ಸಾರ್ವಜನಿಕರು ಗಮನಿಸಬೇಕಾದ ಒಂದು ಮಾತಿದೆ. ಗ್ರಂಥಿಯನ್ನು ಉಳಿಸುವ ಚಿಕಿತ್ಸೆಯೆಂದರೆ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ. ಅಧೋಹನು ನಾಳದ ಮುಂಭಾಗದಲ್ಲಿ, ನಾಲಗೆಯ ಕೆಳಗೆ ಬೆರಳಿಗೆ ಸಿಗುವಂತಿರುವ ಕಲ್ಲನ್ನು ಸ್ಥಳೀಯ ಅರಿವಳಿಕೆ ನೀಡಿ, ಬಾಯಿಯ ತಳದಲ್ಲಿ ಚಿಕ್ಕ ಗಾಯ ಮಾಡಿ ತೆಗೆಯಬಹುದು. ಮುಖದ ಮೇಲೆ ಕಲೆಯಿಲ್ಲ, ಗ್ರಂಥಿಗೆ ನಷ್ಟವಿಲ್ಲ. ಈ ಕ್ರಮ ಹಳೆಯದು, ಸರಳವಾದುದು. ಕಿವಿ-ಮೂಗು-ಗಂಟಲು ವಿಭಾಗಗಳಲ್ಲೂ ದಂತ ವೈದ್ಯಕೀಯ ಕಾಲೇಜುಗಳ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲೂ ನಡೆಯುತ್ತದೆ. ಹೊಸ ಉಪಕರಣದ ಹೊಳಪಿನಲ್ಲಿ ಇದನ್ನು ಮರೆಯುವುದು ಉಚಿತವಲ್ಲ.

ಫಲಿತಾಂಶಗಳ ಬಗೆಗೆ ಹೇಳುವುದಾದರೆ, ಯೂರೋಪ್ ಮತ್ತು ಇಸ್ರೇಲಿನ ಹಲವು ಕೇಂದ್ರಗಳು ಒಟ್ಟುಗೂಡಿ 4,691 ರೋಗಿಗಳ ವಿವರಗಳನ್ನು 2009ರಲ್ಲಿ ಪ್ರಕಟಿಸಿದವು. ಆಘಾತ ತರಂಗ, ಬುಟ್ಟಿ, ಬಾಯಿಯೊಳಗಿನ ಚಿಕ್ಕ ಶಸ್ತ್ರಕ್ರಿಯೆ ಇವುಗಳಲ್ಲಿ ಒಂದನ್ನು ಅಥವಾ ಹಲವನ್ನು ಬಳಸಿದಾಗ ಶೇಕಡಾ 80ರಷ್ಟು ರೋಗಿಗಳಲ್ಲಿ ಕಲ್ಲು ಸಂಪೂರ್ಣವಾಗಿ ಹೊರಬಂದಿತ್ತು. ಶೇಕಡಾ 17ರಷ್ಟು ಜನರಲ್ಲಿ ಭಾಗಶಃ ಹೊರಬಂದಿತ್ತು. ಗ್ರಂಥಿಯನ್ನು ತೆಗೆಯಲೇಬೇಕಾದವರು ಶೇಕಡಾ 3ರಷ್ಟು ಮಾತ್ರ. ಇವು ನುರಿತ ಕೇಂದ್ರಗಳ ಅಂಕಿಅಂಶಗಳೆಂಬುದನ್ನು ನೆನಪಿಡಬೇಕು.

ಕಲ್ಲಲ್ಲದ ಕಾರಣಗಳು

ಕಲ್ಲಿಲ್ಲದೆಯೂ ನಾಳ ಕಟ್ಟಿಕೊಳ್ಳಬಹುದು. ಉರಿಯೂತದಿಂದ ನಾಳದ ಗೋಡೆ ಕಿರಿದಾಗುವುದು ಕರ್ಣಮೂಲ ಗ್ರಂಥಿಯಲ್ಲಿ ಹೆಚ್ಚು. ನಳಿಗೆಯ ಮೂಲಕವೇ ಅದನ್ನು ಹಿಗ್ಗಿಸಿ, ಲವಣಜಲದಿಂದ ತೊಳೆದು, ಉರಿಯೂತ ತಗ್ಗಿಸುವ ಔಷಧವನ್ನು ಒಳಗೆ ಬಿಡಲಾಗುತ್ತದೆ. ಕೆಲವು ಮಕ್ಕಳಿಗೆ ಮೂರರಿಂದ ಆರು ವರ್ಷದ ವಯಸ್ಸಿನಲ್ಲಿ ಕೆನ್ನೆಯ ಊತ ವರ್ಷಕ್ಕೆ ಹಲವು ಬಾರಿ ಬರುತ್ತಿರುತ್ತದೆ. ತಾಯಂದಿರು ಇದನ್ನು ಮತ್ತೆ ಮತ್ತೆ ಬರುವ ಮಂಗನಬಾವು ಎಂದು ತಿಳಿಯುವುದುಂಟು. ಈ ಮಕ್ಕಳಲ್ಲಿ ಬಹುಪಾಲು ಹರೆಯದ ಹೊತ್ತಿಗೆ ಗುಣಮುಖರಾಗುತ್ತಾರೆ; ಅಲ್ಲಿಯವರೆಗೆ ಊತದ ಸರದಿಗಳನ್ನು ಕಡಿಮೆ ಮಾಡಲು ನಾಳವನ್ನು ತೊಳೆಯುವುದು ನೆರವಾಗುತ್ತದೆ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಪಡೆದವರಲ್ಲೂ, ಬಾಯಿ-ಕಣ್ಣು ಎರಡೂ ಒಣಗುವ ಷೋಗ್ರೆನ್ ರೋಗದವರಲ್ಲೂ ಗ್ರಂಥಿ ಊದುವುದುಂಟು. ಅವರಿಗೆ ಇದು ನೋವನ್ನು ಶಮನಗೊಳಿಸುವ ಚಿಕಿತ್ಸೆಯೇ ಹೊರತು ಮೂಲರೋಗವನ್ನು ನಿವಾರಿಸುವುದಲ್ಲ.

ಈ ವಿಧಾನ ಸಲ್ಲದ ಸಂದರ್ಭಗಳು

ಊಟಕ್ಕೂ ಊತಕ್ಕೂ ಸಂಬಂಧವಿಲ್ಲದೆ, ನೋವೂ ಇಲ್ಲದೆ, ದಿನದಿಂದ ದಿನಕ್ಕೆ ಬೆಳೆಯುತ್ತಿರುವ ಗಟ್ಟಿ ಗಂಟನ್ನು ಕಲ್ಲೆಂದು ಭಾವಿಸಿ ಸುಮ್ಮನಿರುವುದು ಅಪಾಯ. ನೋವಿಲ್ಲವೆಂಬುದೇ ಅನೇಕರನ್ನು ಮೋಸಗೊಳಿಸುತ್ತದೆ. ಅದು ಗೆಡ್ಡೆಯಾಗಿರಬಹುದು. ಕರ್ಣಮೂಲ ಗ್ರಂಥಿಯ ಗೆಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಗ್ರಂಥಿ ಚಿಕ್ಕದಾದಷ್ಟೂ ಅದರಲ್ಲಿನ ಗೆಡ್ಡೆ ಕ್ಯಾನ್ಸರ್ ಆಗಿರುವ ಸಂಭವ ಹೆಚ್ಚೆಂಬುದು ವೈದ್ಯರ ಅನುಭವ. ಗಂಟಿನ ಜೊತೆಗೆ ಮುಖ ವಾರೆಯಾದರೆ, ನಾಲಗೆ ಜೋಮು ಹಿಡಿದರೆ, ಕುತ್ತಿಗೆಯಲ್ಲಿ ಬೇರೆ ಗಂಟುಗಳೂ ಕಂಡರೆ ಒಂದು ದಿನವೂ ತಡಮಾಡಬಾರದು. ಇಂತಹ ಗಂಟುಗಳಿಗೆ ಸಣ್ಣ ಸೂಜಿಯಿಂದ ಜೀವಕೋಶಗಳನ್ನು ತೆಗೆದು ಪರೀಕ್ಷಿಸುವುದು, ಸ್ಕ್ಯಾನ್ ಮಾಡುವುದು, ಬಳಿಕ ಯುಕ್ತವಾದ ಶಸ್ತ್ರಕ್ರಿಯೆ ಇವೇ ಸರಿಯಾದ ದಾರಿ. ನಾಳದರ್ಶನಕ್ಕೆ ಇಲ್ಲಿ ಸ್ಥಾನವಿಲ್ಲ.

ಕೀವು, ಜ್ವರ ತೀವ್ರವಾಗಿರುವಾಗಲೂ ನಳಿಗೆಯನ್ನು ತೂರಿಸುವುದಿಲ್ಲ. ಊದಿದ ನಾಳ ಸುಲಭವಾಗಿ ಹರಿಯುತ್ತದೆ. ಮೊದಲು ಔಷಧದಿಂದ ಸೋಂಕನ್ನು ತಗ್ಗಿಸಿ, ಕೆಲವು ವಾರಗಳ ಅನಂತರ ಕರೆಯುತ್ತಾರೆ. ನಮ್ಮ ದೇಶಕ್ಕೇ ವಿಶೇಷವೆನ್ನಬಹುದಾದ ಇನ್ನೊಂದು ಅಡ್ಡಿಯಿದೆ. ಅಡಿಕೆ, ಗುಟ್ಕಾಗಳನ್ನು ವರ್ಷಗಟ್ಟಲೆ ಜಗಿದವರಲ್ಲಿ ಬಾಯಿಯ ಒಳಪೊರೆ ಗಡುಸಾಗಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗಿರುತ್ತದೆ. ತೆರೆಯದ ಬಾಯಿಯಲ್ಲಿ ಈ ಸೂಕ್ಷ್ಮ ಕೆಲಸ ಬಲು ಕಷ್ಟ.

ಪಲ್ಲಾವರಂನಿಂದ ಪಾರ್ಕ್ ನಿಲ್ದಾಣಕ್ಕೆ

ಪಲ್ಲಾವರಂ 2021ರಿಂದ ತಾಂಬರಂ ಮಹಾನಗರಪಾಲಿಕೆಯ ಭಾಗವಾಗಿದೆ. ಮೊದಲ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಸಮೀಪದ ಕ್ರೋಮ್‌ಪೇಟೆಯಲ್ಲಿ ಸರ್ಕಾರಿ ಆಸ್ಪತ್ರೆಯಿದೆ; ಸುತ್ತಮುತ್ತ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಕಾಲೇಜುಗಳೂ ಇವೆ. ವೈದ್ಯರು ಎರಡು ಬೆರಳುಗಳಿಂದ, ಒಂದನ್ನು ಬಾಯಿಯೊಳಗೂ ಇನ್ನೊಂದನ್ನು ದವಡೆಯ ಕೆಳಗೂ ಇಟ್ಟು, ಒತ್ತಿ ನೋಡಿದಾಗಲೇ ಅನೇಕ ಕಲ್ಲುಗಳು ಪತ್ತೆಯಾಗುತ್ತವೆ. ಬಳಿಕ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಇದಕ್ಕೆ ವಿಕಿರಣದ ಭಯವಿಲ್ಲ, ಖರ್ಚೂ ಮಿತವಾದದ್ದು. ಎಕ್ಸ್-ರೇಯಲ್ಲಿ ಕೆಲವು ಕಲ್ಲುಗಳು ಕಾಣುವುದೇ ಇಲ್ಲವಾದ್ದರಿಂದ ಎಕ್ಸ್-ರೇ ಸರಿಯಿದೆ ಎಂದ ಮಾತ್ರಕ್ಕೆ ಕಲ್ಲಿಲ್ಲವೆಂದು ತೀರ್ಮಾನಿಸಲಾಗದು.

ಮುಂದಿನ ಚಿಕಿತ್ಸೆಗೆ ನಗರದೊಳಗೆ ಹೋಗಬೇಕಾದವರಿಗೆ ಉಪನಗರ ರೈಲು ಅನುಕೂಲ. 1931ರಲ್ಲಿ ವಿದ್ಯುದೀಕರಣಗೊಂಡ ತಾಂಬರಂ–ಬೀಚ್ ಮಾರ್ಗದಲ್ಲಿ ಪಲ್ಲಾವರಂನಲ್ಲಿ ಹತ್ತಿದವರು ಎಗ್ಮೋರ್ ದಾಟಿದೊಡನೆ ಬರುವ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ, ರಾಜೀವ್ ಗಾಂಧಿ ಸರ್ಕಾರಿ ಸಾರ್ವಜನಿಕ ಆಸ್ಪತ್ರೆ ಅಲ್ಲಿಯೇ ಇದೆ. 1664ರಲ್ಲಿ ಕೋಟೆಯೊಳಗೆ ಚಿಕ್ಕದಾಗಿ ಆರಂಭವಾದ ಈ ಆಸ್ಪತ್ರೆಗೆ ಮದರಾಸು ವೈದ್ಯಕೀಯ ಕಾಲೇಜು ಹೊಂದಿಕೊಂಡಿದೆ. ತಮಿಳುನಾಡು ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಕೂಡ ಅದೇ ಪ್ರದೇಶದಲ್ಲಿದೆ. ನಾಳದರ್ಶಕ ಉಪಕರಣ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ, ಇದ್ದೆಡೆಯಲ್ಲೂ ಅದನ್ನು ಬಳಸುವ ತಜ್ಞರು ಪ್ರತಿದಿನ ದೊರೆಯುವುದಿಲ್ಲ. ಆದುದರಿಂದ ಹೋಗುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು.

ಗ್ರಂಥಿಯನ್ನು ತೆಗೆಯಬೇಕೆಂಬ ಸಲಹೆ ದೊರೆತಾಗ ರೋಗಿಯು ವಿನಯದಿಂದಲೇ ಕೆಲವು ಪ್ರಶ್ನೆಗಳನ್ನು ಕೇಳಬಹುದು. ಕಲ್ಲಿನ ಗಾತ್ರವೆಷ್ಟು, ಅದು ನಾಳದಲ್ಲಿದೆಯೋ ಗ್ರಂಥಿಯ ಒಡಲಿನಲ್ಲಿದೆಯೋ, ಬಾಯಿಯ ಮೂಲಕ ತೆಗೆಯಲು ಸಾಧ್ಯವಿಲ್ಲವೆ, ನಾಳದರ್ಶನ ಮಾಡುವ ಬೇರೆ ಆಸ್ಪತ್ರೆಗೆ ಕಳುಹಿಸಬಹುದೆ ಎಂದು ಕೇಳುವುದು ವೈದ್ಯರ ಮೇಲಿನ ಅವಿಶ್ವಾಸವಲ್ಲ. ಹಾಗೆಯೇ ನಾಳದರ್ಶನಕ್ಕೆ ಒಪ್ಪುವಾಗ, ಅದರಿಂದ ಕಲ್ಲು ಬಾರದಿದ್ದಲ್ಲಿ ಅದೇ ಅರಿವಳಿಕೆಯಲ್ಲಿ ಮುಂದೇನು ಮಾಡುತ್ತಾರೆಂಬುದನ್ನೂ ತಿಳಿದುಕೊಂಡಿರಬೇಕು. ಗ್ರಂಥಿಯ ಒಡಲಿನ ಆಳದಲ್ಲಿ ಹಲವು ಕಲ್ಲುಗಳಿದ್ದು, ಗ್ರಂಥಿ ಸಂಪೂರ್ಣ ಕೆಟ್ಟಿದ್ದರೆ ಅದನ್ನು ತೆಗೆಯುವುದೇ ಉಚಿತವಾದ ಸಂದರ್ಭಗಳೂ ಇವೆ.

ಖರ್ಚಿನ ವಿಷಯದಲ್ಲಿ, 2018ರ ಸೆಪ್ಟೆಂಬರ್ 23ರಂದು ಆರಂಭವಾದ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯು ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ಚಿಕಿತ್ಸೆಯನ್ನು ಒದಗಿಸುತ್ತದೆ. ತಮಿಳುನಾಡಿನಲ್ಲಿ ಇದು ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯೊಡನೆ ಕೂಡಿ ನಡೆಯುತ್ತಿದೆ. ಕೇಂದ್ರ ಸರ್ಕಾರಿ ನೌಕರರು ಮತ್ತು ನಿವೃತ್ತರಿಗೆ ಚೆನ್ನೈಯಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಕೇಂದ್ರಗಳಿವೆ. ದಂಡುಪ್ರದೇಶವಾದ ಪಲ್ಲಾವರಂನಲ್ಲಿ ನೆಲೆಸಿರುವ ನಿವೃತ್ತ ಸೈನಿಕರು ತಮಗೆ ಮೀಸಲಾದ ಆರೋಗ್ಯ ಯೋಜನೆಯನ್ನು ಬಳಸಿಕೊಳ್ಳಬಹುದು. ಯಾವ ಯೋಜನೆಯೇ ಆಗಲಿ, ಗ್ರಂಥಿಯನ್ನು ತೆಗೆಯುವ ಶಸ್ತ್ರಕ್ರಿಯೆಗೂ ನಾಳದರ್ಶನಕ್ಕೂ ದರಗಳು ಬೇರೆಯಾಗಿರುತ್ತವೆ. ತಮಗೆ ಸೂಚಿಸಿದ ಚಿಕಿತ್ಸೆಗೆ ಅನುಮೋದನೆ ದೊರೆತಿದೆಯೆ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಖಚಿತಪಡಿಸಿಕೊಳ್ಳಬೇಕು.

ಚಿಕಿತ್ಸೆಯ ನಂತರ

ನಾಳದೊಳಗೆ ಲವಣಜಲ ಹರಿಸಿರುವುದರಿಂದ ಗ್ರಂಥಿ ಮೊದಲಿಗಿಂತಲೂ ಹೆಚ್ಚು ಊದಿಕೊಂಡಂತೆ ಕಾಣುತ್ತದೆ. ಮನೆಯವರು ಇದರಿಂದ ಗಾಬರಿಯಾಗಬೇಕಿಲ್ಲ; ಒಂದೆರಡು ದಿನಗಳಲ್ಲಿ ಅದು ಇಳಿಯುತ್ತದೆ. ಬಹುಪಾಲು ರೋಗಿಗಳು ಅದೇ ದಿನ ಅಥವಾ ಮರುದಿನ ಮನೆಗೆ ಮರಳುತ್ತಾರೆ. ನಾಳದ ಬಾಯಿ ಮತ್ತೆ ಮುಚ್ಚಿಕೊಳ್ಳದಂತೆ ಕೆಲವರಿಗೆ ಸಣ್ಣ ಪ್ಲಾಸ್ಟಿಕ್ ಕೊಳವೆಯೊಂದನ್ನು ಕೆಲವು ದಿನ ಅಥವಾ ವಾರಗಳ ಕಾಲ ಇರಿಸುತ್ತಾರೆ. ನಾಲಗೆಗೆ ತೊಡಕೆನಿಸಿದರೂ ಅದನ್ನು ಕೈಯಿಂದ ಎಳೆಯಬಾರದು. ನಾಳ ಹರಿಯುವುದು, ಮತ್ತೆ ಕಿರಿದಾಗುವುದು, ಬುಟ್ಟಿ ಕಲ್ಲಿನೊಡನೆ ಸಿಕ್ಕಿಕೊಳ್ಳುವುದು ಈ ವಿಧಾನದ ಅಪರೂಪದ ತೊಡಕುಗಳು. ಮನೆಗೆ ಬಂದ ಮೇಲೆ ಜ್ವರ ಬಂದರೆ, ಬಾಯಿಯ ತಳ ಊದಿ ನುಂಗಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಮರಳಬೇಕು.

ದಿನಕ್ಕೆ ಹಲವು ಬಾರಿ ಗ್ರಂಥಿಯನ್ನು ನೀವಿಕೊಳ್ಳುವಂತೆ ವೈದ್ಯರು ಹೇಳಿಕೊಡುತ್ತಾರೆ. ಕರ್ಣಮೂಲ ಗ್ರಂಥಿಯಾದರೆ ಕಿವಿಯ ಕಡೆಯಿಂದ ಕೆನ್ನೆಯ ಮುಂಭಾಗಕ್ಕೆ, ಅಧೋಹನು ಗ್ರಂಥಿಯಾದರೆ ದವಡೆಯ ಹಿಂಬದಿಯಿಂದ ಗದ್ದದ ಕಡೆಗೆ ನೀವಬೇಕು; ವಿರುದ್ಧ ದಿಕ್ಕಿನಲ್ಲಿ ನೀವಿದರೆ ರಸ ಹಿಂದಕ್ಕೆ ತಳ್ಳಲ್ಪಡುತ್ತದೆ. ನೀರನ್ನು ಧಾರಾಳವಾಗಿ ಕುಡಿಯಬೇಕು. ಚೆನ್ನೈಯ ಬೇಸಿಗೆಯಲ್ಲಿ ಬೆವರಿನಲ್ಲೇ ದೇಹದ ನೀರು ಬಹಳಷ್ಟು ಹೋಗುವುದರಿಂದ ಬಾಯಾರಿಕೆಗಾಗಿ ಕಾಯದೆ ಕುಡಿಯುವುದು ಒಳ್ಳೆಯದು. ನಿಂಬೆಯ ಹೋಳು ಚೀಪಿದರೆ ರಸದ ಹರಿವು ಹೆಚ್ಚುತ್ತದೆ, ಆದರೆ ಇದು ನಾಳ ತೆರೆದುಕೊಂಡ ಮೇಲಿನ ಮಾತು. ಪೂರ್ತಿ ಕಟ್ಟಿಕೊಂಡಿರುವಾಗ ಹುಳಿ ತಿಂದರೆ ನೋವು ಇಮ್ಮಡಿಸುತ್ತದೆ. ಶೀತ, ಅಲರ್ಜಿ, ಖಿನ್ನತೆ, ರಕ್ತದೊತ್ತಡಗಳಿಗೆ ನೀಡುವ ಕೆಲವು ಮಾತ್ರೆಗಳು ಬಾಯಿಯನ್ನು ಒಣಗಿಸುತ್ತವೆ. ಅವುಗಳನ್ನು ತಾವಾಗಿಯೇ ನಿಲ್ಲಿಸದೆ, ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ ಬದಲಿ ಔಷಧವಿದೆಯೇ ಎಂದು ಕೇಳಬೇಕು. ಹೊರಬಂದ ಕಲ್ಲನ್ನು ವೈದ್ಯರು ಕೊಟ್ಟರೆ ಅದನ್ನೂ ಸ್ಕ್ಯಾನಿಂಗ್ ವರದಿಯನ್ನೂ ಜೋಪಾನವಾಗಿಟ್ಟು, ಮರುಪರೀಕ್ಷೆಯ ದಿನ ತಪ್ಪದೆ ಒಯ್ಯಬೇಕು. ಅದೇ ಗ್ರಂಥಿಯಲ್ಲಿ ಇನ್ನೊಂದು ಕಲ್ಲು ಉಳಿದಿದೆಯೋ ಇಲ್ಲವೋ ಎಂಬುದನ್ನು ಅಂದು ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿ ನೋಡಲಾಗುತ್ತದೆ.